ಕೇಳಿದವರಿಗೆ ಮಾತ್ರ ಸಿಗುವ ರಿಯಾಯಿತಿ

ಆಷಾಢ ಬಂತೆಂದರೆ ಬೆಂಗಳೂರಿನ ಚಿಕ್ಕಪೇಟೆಯಿಂದ ಹುಬ್ಬಳ್ಳಿಯ ದುರ್ಗದ ಬೈಲಿನವರೆಗೆ ಬಟ್ಟೆ ಅಂಗಡಿಗಳ ಮುಂದೆ ಬ್ಯಾನರ್‌ಗಳ ಸಾಲು. ‘ಆಷಾಢ ಭರ್ಜರಿ ಸೇಲ್’, ‘ಶೇ 50ರವರೆಗೆ ಕಡಿತ’. ಮದುವೆ–ಮುಂಜಿ ನಡೆಯದ ತಿಂಗಳು ಅದು. ಸೀರೆ ಕೊಳ್ಳುವವರು ಕಡಿಮೆ, ಅಂಗಡಿಯಲ್ಲಿ ಹಳೆಯ ದಾಸ್ತಾನು ಹೆಚ್ಚು. ಮುಂದೆ ಶ್ರಾವಣ, ವರಮಹಾಲಕ್ಷ್ಮಿ ಹಬ್ಬ. ಅಷ್ಟರೊಳಗೆ ಕಪಾಟು ಖಾಲಿಯಾಗಿ ಹೊಸ ಮಾಲು ಬರಬೇಕು. ಹಾಗಾಗಿ ವ್ಯಾಪಾರಿ ಬೆಲೆ ಇಳಿಸುತ್ತಾನೆ. ಕಾರ್ತಿಕದಲ್ಲಿ ಮಗಳ ಮದುವೆ ಇಟ್ಟುಕೊಂಡವರು ಆಷಾಢದಲ್ಲೇ ಸೀರೆ ಕೊಂಡರೆ ಅದು ಜಾಣತನ. ಬ್ಯಾನರ್ ನೋಡಿ ಒಳಗೆ ಹೋಗಿ, ಬೇಡದ ಮೂರು ಸೀರೆ ಹೊತ್ತು ಬಂದರೆ ವ್ಯಾಪಾರಿಯ ದಾಸ್ತಾನು ನಮ್ಮ ಬೀರುವಿಗೆ ಬಂತು, ಅಷ್ಟೇ.

ರಿಯಾಯಿತಿಯಲ್ಲಿ ಎರಡು ಬಗೆ. ಒಂದು, ನಮ್ಮನ್ನು ಹುಡುಕಿಕೊಂಡು ಬರುವುದು: ಬ್ಯಾನರ್, ಎಸ್ಸೆಮ್ಮೆಸ್, ಆ್ಯಪ್‌ನ ಕೂಪನ್, ಸ್ಕ್ರ್ಯಾಚ್ ಕಾರ್ಡ್. ಇನ್ನೊಂದು, ನಾವೇ ಹುಡುಕಿ ಕೇಳಬೇಕಾದದ್ದು: ಬಸ್ಸಿನ ವಾಪಸಾತಿ ಟಿಕೆಟ್‌ನ ಕಡಿತ, ಮಕ್ಕಳ ವಯಸ್ಸಿನ ಮಿತಿ, ಹಿರಿಯರ ಗುರುತಿನ ಚೀಟಿ, ಜನೌಷಧಿ ಅಂಗಡಿಯ ಮಾತ್ರೆ. ಮೊದಲನೆಯದರ ಸದ್ದು ದೊಡ್ಡದು, ಉಳಿತಾಯ ಸಣ್ಣದು. ಎರಡನೆಯದಕ್ಕೆ ಸದ್ದೇ ಇಲ್ಲ. ಆದರೆ ಮನೆಯ ತಿಂಗಳ ಲೆಕ್ಕದಲ್ಲಿ ಕಣ್ಣಿಗೆ ಕಾಣುವಂತೆ ದುಡ್ಡು ಉಳಿಸುವುದು ಅದೇ. ಎರಡನ್ನೂ ಬಳಸಿಕೊಳ್ಳುವ ದಾರಿ ಇಲ್ಲಿದೆ.

ಶೇಕಡಾ ಬಿಡಿ, ರೂಪಾಯಿ ಎಣಿಸಿ

‘ಶೇ 50 + ಶೇ 20’ ಎಂದು ಬರೆದಿದ್ದರೆ ಅದು ಶೇ 70 ಆಗುವುದಿಲ್ಲ. ಸಾವಿರ ರೂಪಾಯಿಯ ಅಂಗಿ ಮೊದಲು 500ಕ್ಕೆ ಇಳಿಯುತ್ತದೆ. ಆ 500ರ ಮೇಲೆ ಶೇ 20 ಎಂದರೆ ಇನ್ನೂ 100. ಕೊಡಬೇಕಾದದ್ದು 400, ಒಟ್ಟು ಕಡಿತ ಶೇ 60. ‘ಎರಡು ಕೊಂಡರೆ ಒಂದು ಉಚಿತ’ ಎಂದರೆ ಶೇ 33ರ ರಿಯಾಯಿತಿ, ಅದೂ ಮೂರೂ ಬೇಕಿದ್ದಾಗ. ‘ಶೇ 20 ಹೆಚ್ಚುವರಿ’ ಎಂದು ಬರೆದ ಬಿಸ್ಕತ್ತಿನ ಪೊಟ್ಟಣದಲ್ಲಿ ಸಿಗುವ ನಿಜವಾದ ಲಾಭ ಸುಮಾರು ಶೇ 17.

ಆ್ಯಪ್‌ಗಳ ಕೂಪನ್‌ನಲ್ಲಿ ನೋಡಬೇಕಾದ ಸಾಲು ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ: ‘ಗರಿಷ್ಠ 100 ರೂ.’. ಶೇ 50ರ ಕೂಪನ್‌ಗೆ ಈ ಮಿತಿ ಇದ್ದರೆ 200 ರೂಪಾಯಿಯ ಊಟಕ್ಕೆ ಅರ್ಧ ಬೆಲೆ ಸರಿ. ನಾಲ್ವರ ಮನೆಗೆ 600 ರೂಪಾಯಿಯ ಊಟ ತರಿಸಿದರೆ ಕಡಿತ ಅದೇ 100, ಅಂದರೆ ಶೇ 17ರ ಸುತ್ತಮುತ್ತ. ಅದರ ಮೇಲೆ ಪ್ಯಾಕಿಂಗ್, ಡೆಲಿವರಿ, ಪ್ಲಾಟ್‌ಫಾರ್ಮ್ ಶುಲ್ಕ ಸೇರಿದರೆ ಕೂಪನ್ ಕೊಟ್ಟದ್ದನ್ನು ಶುಲ್ಕಗಳು ಕಿತ್ತುಕೊಂಡಿರುತ್ತವೆ. ಅದೇ ಹೋಟೆಲಿಗೆ ಫೋನ್ ಮಾಡಿ, ಸಂಜೆ ವಾಕಿಂಗ್‌ಗೆ ಹೋದಾಗ ಪಾರ್ಸೆಲ್ ತಂದರೆ ಎಷ್ಟಾಗುತ್ತದೆ ಎಂದು ಒಮ್ಮೆ ಹೋಲಿಸಿ ನೋಡಿ.

ಕನಿಷ್ಠ ಮೊತ್ತದ ಷರತ್ತು ಇನ್ನೊಂದು ಬಲೆ. ಉದಾಹರಣೆಗೆ, ನಿಮ್ಮ ಪಟ್ಟಿಯ ದಿನಸಿ 480 ರೂಪಾಯಿಗೆ ಮುಗಿದಿದೆ. ‘599ರ ಮೇಲೆ 75 ರೂ. ಕಡಿತ’ ಎಂಬ ಕೂಪನ್ ಕಾಣಿಸುತ್ತದೆ. 130 ರೂಪಾಯಿಯ ಇನ್ನೇನನ್ನೋ ಸೇರಿಸಿ 610 ಮಾಡುತ್ತೀರಿ, ಕಡಿತ ಕಳೆದು 535 ಕೊಡುತ್ತೀರಿ. ಪರದೆಯ ಮೇಲೆ ‘ನೀವು 75 ರೂ. ಉಳಿಸಿದ್ದೀರಿ’ ಎಂದು ಬರುತ್ತದೆ, ಜೇಬಿನಿಂದ 55 ರೂಪಾಯಿ ಹೆಚ್ಚಿಗೆ ಹೋಗಿರುತ್ತದೆ. ಸೇರಿಸಿದ್ದು ಮುಂದಿನ ವಾರ ಹೇಗೂ ತರಬೇಕಿದ್ದ ಎಣ್ಣೆಯೋ ಸೋಪೋ ಆಗಿದ್ದರೆ 130ರ ಸಾಮಾನು 55ಕ್ಕೆ ಬಂತು, ಒಳ್ಳೆಯ ವ್ಯಾಪಾರ. ಚಾಕೊಲೇಟ್ ಡಬ್ಬಿಯಾಗಿದ್ದರೆ 55 ರೂಪಾಯಿ ಖರ್ಚಷ್ಟೇ. ಅದೇ ಕೂಪನ್, ಪಟ್ಟಿ ಇಟ್ಟುಕೊಂಡವರಿಗೆ ಲಾಭ, ಇಲ್ಲದವರಿಗೆ ನಷ್ಟ.

ಪೊಟ್ಟಣ ಓದುವ ಅಭ್ಯಾಸ

ಎಂಆರ್‌ಪಿ ಎಂದರೆ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳುವುದು ತಪ್ಪು. ‘ಎಂಆರ್‌ಪಿ ಮೇಲೆ ಶೇ 40 ಕಡಿತ, ಜಿಎಸ್‌ಟಿ ಪ್ರತ್ಯೇಕ’ ಎಂದು ಬಿಲ್ ಮಾಡುವುದೂ ಸರಿಯಲ್ಲ, ಏಕೆಂದರೆ ತೆರಿಗೆ ಎಂಆರ್‌ಪಿಯೊಳಗೇ ಇದೆ. ಎಂಆರ್‌ಪಿಗಿಂತ ಕಡಿಮೆಗೆ ಮಾರಲು ಯಾವ ಅಡ್ಡಿಯೂ ಇಲ್ಲ. ಹಾಗಾಗಿ ‘ಎಂಆರ್‌ಪಿಗಿಂತ ಶೇ 5 ಕಡಿಮೆ’ ಎಂಬುದು ದೊಡ್ಡ ಉಪಕಾರವೇನಲ್ಲ. ತಿಂಗಳ ಸಾಮಾನನ್ನು ಒಟ್ಟಿಗೆ ಒಯ್ಯುವ ಖಾಯಂ ಗಿರಾಕಿಗೆ ಬೀದಿ ಕೊನೆಯ ಕಿರಾಣಿ ಅಂಗಡಿಯವರೂ ಅಷ್ಟು ಬಿಡುತ್ತಾರೆ, ಬಾಯಿಬಿಟ್ಟು ಕೇಳಬೇಕು.

ಪೊಟ್ಟಣದ ಮೇಲೆ ಎಂಆರ್‌ಪಿಯ ಪಕ್ಕದಲ್ಲೇ ಇನ್ನೊಂದು ಸಂಖ್ಯೆ ಇರುತ್ತದೆ: ಒಂದು ಗ್ರಾಂಗೆ ಅಥವಾ ಒಂದು ಮಿಲಿಲೀಟರಿಗೆ ಎಷ್ಟು ಬೆಲೆ ಎಂಬುದು. ಎರಡು ಬ್ರ್ಯಾಂಡ್‌ಗಳನ್ನೋ ಒಂದೇ ಬ್ರ್ಯಾಂಡಿನ ಎರಡು ಗಾತ್ರಗಳನ್ನೋ ಹೋಲಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಎಂಬ ನಂಬಿಕೆಯೂ ಆಗ ಪರೀಕ್ಷೆಗೆ ಬರುತ್ತದೆ. ಶಾಂಪೂವಿನ ಹಲವು ಬ್ರ್ಯಾಂಡ್‌ಗಳಲ್ಲಿ ಒಂದೆರಡು ರೂಪಾಯಿಯ ಸ್ಯಾಷೆಗಳನ್ನು ಕೂಡಿಸಿದರೆ ಬಾಟಲಿಗಿಂತ ಅಗ್ಗವಾಗುವುದುಂಟು.

2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆಯ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ತೆರಿಗೆ ಸೇರಿ 118 ರೂಪಾಯಿ ಇದ್ದ ವಸ್ತು 105ಕ್ಕೆ ಸಿಗಬೇಕು, ಅಂದರೆ ಶೇ 11ರಷ್ಟು ಇಳಿಕೆ. ಹಳೆಯ ಬೆಲೆಯನ್ನು ಗೀಟು ಎಳೆದು ತೋರಿಸಿ, ಈ ಇಳಿಕೆಯನ್ನೇ ‘ವಿಶೇಷ ಕೊಡುಗೆ’ ಎಂದರೆ ಅದು ಅಂಗಡಿಯ ರಿಯಾಯಿತಿಯಲ್ಲ, ನಿಮಗೆ ಬರಬೇಕಾದದ್ದೇ ಬಂದಿದೆ. ಗೀಟು ಎಳೆದ ಬೆಲೆಯನ್ನು ನಂಬುವ ಬದಲು, ನೀವು ಪದೇ ಪದೇ ಕೊಳ್ಳುವ ಇಪ್ಪತ್ತು ವಸ್ತುಗಳಿಗೆ ಹಿಂದಿನ ಸಲ ಎಷ್ಟು ಕೊಟ್ಟಿರಿ ಎಂದು ಮೊಬೈಲಿನಲ್ಲೋ ಡೈರಿಯಲ್ಲೋ ಬರೆದಿಟ್ಟುಕೊಳ್ಳಿ. ಹಬ್ಬದ ಸೇಲ್ ಬಂದಾಗ ಆ ಪಟ್ಟಿಯೇ ಅಳತೆಗೋಲು.

ಸದ್ದಿಲ್ಲದ ಅಂಗಡಿಗಳು

ಮನೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಹಿರಿಯರಿದ್ದರೆ ತಿಂಗಳ ಅತಿ ದೊಡ್ಡ ರಿಯಾಯಿತಿ ಜನೌಷಧಿ ಕೇಂದ್ರದಲ್ಲಿದೆ. ಬ್ರ್ಯಾಂಡ್ ಔಷಧಗಳಿಗೆ ಹೋಲಿಸಿದರೆ ಅಲ್ಲಿನ ಜನರಿಕ್ ಮಾತ್ರೆಗಳ ಬೆಲೆ ಶೇ 50ರಿಂದ ಶೇ 90ರವರೆಗೆ ಕಡಿಮೆ. ವೈದ್ಯರ ಹತ್ತಿರ ಹೋದಾಗ ಮಾತ್ರೆಯ ಮೂಲ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು, ಬದಲಿಸಬಹುದೇ ಎಂದು ಕೇಳಿ ತಿಳಿದುಕೊಳ್ಳಿ. ಹೆಣ್ಣುಮಕ್ಕಳಿಗೆ ‘ಸುವಿಧಾ’ ಸ್ಯಾನಿಟರಿ ಪ್ಯಾಡ್ ಒಂದಕ್ಕೆ ಒಂದು ರೂಪಾಯಿಯಂತೆ ಅಲ್ಲಿ ಸಿಗುತ್ತದೆ. ಯಾವ ಮೆಡಿಕಲ್ ಆ್ಯಪ್‌ನ ಕೂಪನ್ನೂ ಇದರ ಹತ್ತಿರ ಸುಳಿಯುವುದಿಲ್ಲ.

ಇಂಥವು ಇನ್ನೂ ಕೆಲವಿವೆ. ಗಾಂಧಿ ಜಯಂತಿಯ ಹೊತ್ತಿಗೆ ಖಾದಿ ಭಂಡಾರಗಳು ರಿಯಾಯಿತಿ ಕೊಡುತ್ತವೆ. ಹತ್ತಿಯ ಹಾಸು, ಟವೆಲ್, ಅಪ್ಪನ ಪಂಚೆ ಆಗ ಕೊಳ್ಳಿ. ಬೇಸಿಗೆಯ ಮಾವು ಮೇಳ, ದ್ರಾಕ್ಷಿ–ಕಲ್ಲಂಗಡಿ ಮೇಳಗಳಲ್ಲಿ ಹಾಪ್‌ಕಾಮ್ಸ್ ಮಳಿಗೆಗಳು ಹಣ್ಣಿನ ಬೆಲೆ ಇಳಿಸುತ್ತವೆ. ನವೆಂಬರ್‌ನಲ್ಲಿ ರಾಜ್ಯೋತ್ಸವದ ನೆಪದಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರ ಮತ್ತು ಹಲವು ಪ್ರಕಾಶಕರು ಪುಸ್ತಕಗಳಿಗೆ ರಿಯಾಯಿತಿ ಕೊಡುವ ರೂಢಿ ಇದೆ, ಮಕ್ಕಳಿಗೆ ವರ್ಷದ ಕಥೆ ಪುಸ್ತಕಗಳನ್ನು ತರಲು ಅದೇ ಸಮಯ. ಪಿಯುಸಿ, ಡಿಗ್ರಿಯ ಪಠ್ಯಪುಸ್ತಕಗಳಿಗೆ ಬೆಂಗಳೂರಿನವರು ಮೊದಲು ಅವೆನ್ಯೂ ರಸ್ತೆಯ ಸೆಕೆಂಡ್ ಹ್ಯಾಂಡ್ ಸಾಲನ್ನು ನೋಡಬೇಕು. ಅಲ್ಲಿ ಚೌಕಾಸಿ ಮಾಡುವಾಗ ಒಂದೊಂದಾಗಿ ಬೆಲೆ ಕೇಳಬೇಡಿ. ಬೇಕಾದ ಅಷ್ಟೂ ಪುಸ್ತಕಗಳನ್ನು ಒಟ್ಟಿಗೆ ಇಟ್ಟು, ‘ಅಣ್ಣಾ, ಎಲ್ಲಾ ಸೇರಿ ಕೊನೇ ರೇಟು ಹೇಳಿ. ಓದಿದ ಮೇಲೆ ವಾಪಸ್ ತಂದರೆ ಎಷ್ಟಕ್ಕೆ ತಗೋತೀರಿ?’ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿ. ಮರಳಿ ಮಾರುವ ಬೆಲೆ ಗೊತ್ತಾದಾಗಲೇ ಪುಸ್ತಕದ ನಿಜವಾದ ಬೆಲೆ ಗೊತ್ತಾಗುವುದು.

ಕಾರ್ಡು, ಕ್ಯಾಶ್‌ಬ್ಯಾಕ್, ಕಂತು

ಬ್ಯಾಂಕ್ ಕಾರ್ಡಿನ ತಕ್ಷಣದ ಕಡಿತ ಮತ್ತು ಕ್ಯಾಶ್‌ಬ್ಯಾಕ್ ಒಂದೇ ಅಲ್ಲ. ತಕ್ಷಣದ ಕಡಿತ ಬಿಲ್ಲಿನಲ್ಲೇ ಇಳಿಯುತ್ತದೆ. ಕ್ಯಾಶ್‌ಬ್ಯಾಕ್ ವ್ಯಾಲೆಟ್‌ಗೋ ಪಾಯಿಂಟ್ ರೂಪದಲ್ಲೋ ಆಮೇಲೆ ಬರುತ್ತದೆ. ಅದಕ್ಕೆ ಅವಧಿ ಇರುತ್ತದೆ, ಖರ್ಚು ಮಾಡಲು ಮತ್ತೆ ಅದೇ ಅಂಗಡಿಗೆ ಹೋಗಬೇಕು. ಎರಡರಲ್ಲಿ ಒಂದನ್ನು ಆರಿಸುವುದಾದರೆ ಸ್ವಲ್ಪ ಕಡಿಮೆಯಾದರೂ ತಕ್ಷಣದ್ದೇ ವಾಸಿ.

ದೊಡ್ಡ ವಸ್ತು ಕೊಳ್ಳುವಾಗ ಕ್ರಮ ಹೀಗಿರಲಿ: ಮೊದಲು ಅಂಗಡಿಯ ಬೆಲೆ ಇಳಿಯಲಿ, ಆಮೇಲೆ ಹಳೆಯದನ್ನು ಕೊಟ್ಟರೆ ಸಿಗುವ ಎಕ್ಸ್‌ಚೇಂಜ್ ಮೊತ್ತ ಕೇಳಿ, ಕೊನೆಗೆ ಕಾರ್ಡ್ ಆಫರ್ ತೋರಿಸಿ. ಮೊದಲೇ ಕಾರ್ಡ್ ತೋರಿಸಿದರೆ ‘ಅದೇ ಶೇ 10 ಸಿಗುತ್ತಲ್ಲ ಸಾರ್’ ಎಂದು ಅಂಗಡಿಯವರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ‘ನೋ ಕಾಸ್ಟ್ ಇಎಂಐ’ ಎಂದಾಗ ಪ್ರೊಸೆಸಿಂಗ್ ಶುಲ್ಕ ಎಷ್ಟು, ಬಡ್ಡಿಯ ಮೇಲೆ ಜಿಎಸ್‌ಟಿ ಹಾಕುತ್ತಾರೆಯೇ, ಪೂರ್ತಿ ನಗದು ಕೊಟ್ಟರೆ ಬೆಲೆ ಇನ್ನೂ ಇಳಿಯುತ್ತದೆಯೇ ಎಂಬ ಮೂರು ಪ್ರಶ್ನೆ ಕೇಳಿ. ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಗಡುವಿನೊಳಗೆ ಪೂರ್ತಿ ತೀರಿಸದವರಿಗೆ ಯಾವ ಕಾರ್ಡ್ ಆಫರ್ ಕೂಡ ಲಾಭ ತರುವುದಿಲ್ಲ, ಬಡ್ಡಿ ಅದನ್ನು ನುಂಗಿಹಾಕುತ್ತದೆ.

ಬಸ್ಸು, ಮೆಟ್ರೊ, ಟೋಲ್

ಕುಟುಂಬದ ಪ್ರವಾಸದಲ್ಲಿ ಮೊದಲ ದೊಡ್ಡ ಖರ್ಚು ಪ್ರಯಾಣದ್ದು. ಕೇಳಿ ಪಡೆಯುವ ರಿಯಾಯಿತಿಗಳು ಹೆಚ್ಚಿಗೆ ಇರುವುದೂ ಇಲ್ಲೇ.

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ದರವಿಲ್ಲ. ರಾಜಹಂಸ, ಐರಾವತದಂಥ ಐಷಾರಾಮಿ ಬಸ್ಸುಗಳಿಗೂ ಹೊರರಾಜ್ಯಕ್ಕೆ ಹೋಗುವ ಬಸ್ಸುಗಳಿಗೂ ಇದು ಅನ್ವಯಿಸುವುದಿಲ್ಲ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, ಆರರಿಂದ ಹನ್ನೆರಡರವರೆಗೆ ಅರ್ಧ ಟಿಕೆಟ್. 60 ದಾಟಿದ ಅಜ್ಜನಿಗೆ ವಯಸ್ಸಿನ ದಾಖಲೆ ತೋರಿಸಿದರೆ ಶೇ 25 ಕಡಿತ. ಕೆಎಸ್‌ಆರ್‌ಟಿಸಿಯ ಮುಂಗಡ ಬುಕಿಂಗ್‌ನಲ್ಲಿ ನಾಲ್ಕು ಅಥವಾ ಹೆಚ್ಚು ಮಂದಿಗೆ ಒಂದೇ ಟಿಕೆಟ್ ಮಾಡಿಸಿದರೆ ಶೇ 5, ಹೋಗುವ–ಬರುವ ಟಿಕೆಟ್ ಒಟ್ಟಿಗೆ ಮಾಡಿಸಿದರೆ ಬರುವ ಟಿಕೆಟ್ ಮೇಲೆ ಶೇ 10 ರಿಯಾಯಿತಿ ಇದೆ. ಹೋಗುವಾಗ ಒಬ್ಬರು, ಬರುವಾಗ ಇನ್ನೊಬ್ಬರು ಬೇರೆ ಬೇರೆ ಮೊಬೈಲಿನಲ್ಲಿ ಬುಕ್ ಮಾಡಿದರೆ ಬರುವ ಟಿಕೆಟ್‌ನ ಕಡಿತ ಕೈತಪ್ಪುತ್ತದೆ.

ನಮ್ಮ ಮೆಟ್ರೊದಲ್ಲಿ ಸ್ಮಾರ್ಟ್‌ಕಾರ್ಡ್‌ಗೆ ಶೇ 5 ಕಡಿತ. 2025ರ ಫೆಬ್ರುವರಿಯ ದರ ಪರಿಷ್ಕರಣೆಯ ಬಳಿಕ ಭಾನುವಾರ ಮತ್ತು ರಾಷ್ಟ್ರೀಯ ರಜೆಗಳಲ್ಲಿ ದಿನವಿಡೀ ಶೇ 10. ಮನೆಮಂದಿ ಎಲ್ಲ ಸೇರಿ ಓಡಾಡುವುದು ಭಾನುವಾರವೇ ಆದ್ದರಿಂದ, ತಲೆಗೊಂದು ಕಾರ್ಡ್ ಇದ್ದರೆ ವರ್ಷದ ಲೆಕ್ಕದಲ್ಲಿ ಒಳ್ಳೆಯ ಮೊತ್ತವೇ ಉಳಿಯುತ್ತದೆ.

ಸ್ವಂತ ಕಾರಿನವರಿಗೆ 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ. 3,000 ರೂಪಾಯಿಗೆ ಶುರುವಾದ ಈ ಪಾಸ್ ಒಂದು ವರ್ಷ ಅಥವಾ 200 ಟ್ರಿಪ್‌ವರೆಗೆ ನಡೆಯುತ್ತದೆ. 200ನ್ನೂ ಬಳಸಿದರೆ ಒಂದು ಟೋಲ್ ದಾಟಲು 15 ರೂಪಾಯಿ ಬಿದ್ದಂತೆ. ಇದು ರಾಷ್ಟ್ರೀಯ ಹೆದ್ದಾರಿಗಳ ಟೋಲ್‌ಗಳಿಗೆ ಮಾತ್ರ. ತಿಂಗಳಿಗೆರಡು ಸಲ ಊರಿಗೆ ಹೋಗಿ ಬರುವವರಿಗೆ ಲಾಭ. ವರ್ಷಕ್ಕೊಮ್ಮೆ ಧರ್ಮಸ್ಥಳ, ಕುಕ್ಕೆ ನೋಡಿ ಬರುವವರಿಗೆ ಬೇಡ. ಪಾಸ್ ಇಲ್ಲದವರೂ 24 ಗಂಟೆಯೊಳಗೆ ಹಿಂತಿರುಗಿದರೆ ಎರಡೂ ಕಡೆ ಸೇರಿ ಒಂದೂವರೆ ಪಟ್ಟು ಟೋಲ್ ಸಾಕು ಎಂಬುದನ್ನು ನೆನಪಿಡಿ.

ಮೈಸೂರಿಗೆ ಐವರು, ಟಿಕೆಟ್ ಒಂದು

ಬೆಂಗಳೂರಿನ ಒಂದು ಮನೆ ಎಂದುಕೊಳ್ಳಿ. ಅಪ್ಪ, ಅಮ್ಮ, ಅಜ್ಜಿ, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ. ಮೈಸೂರಿಗೆ ವೇಗದೂತ ಬಸ್ಸು ಹತ್ತಿದರೆ ಅಮ್ಮ, ಅಜ್ಜಿ, ಮಗಳಿಗೆ ಶೂನ್ಯ ಟಿಕೆಟ್. ಮಗನಿಗೆ ವಯಸ್ಸಿನ ವಿನಾಯಿತಿ. ಐವರಲ್ಲಿ ದುಡ್ಡು ಕೊಡುವವರು ಅಪ್ಪ ಒಬ್ಬರೇ. ಅಜ್ಜಿ, ಅಮ್ಮನ ಗುರುತಿನ ಚೀಟಿ, ಮಕ್ಕಳ ಆಧಾರ್ ಜೊತೆಗಿರಲಿ. ಸೀಟು ಸಿಗಬೇಕೆಂದರೆ ಹಬ್ಬ, ಸಾಲು ರಜೆಯ ಮುಂಜಾನೆ ಬಿಟ್ಟು ಬೇರೆ ದಿನ ಹೊರಡಿ.

ಇನ್ನು ದಿನ ಆರಿಸುವುದು. ಮೃಗಾಲಯಕ್ಕೆ ಮಂಗಳವಾರ ರಜೆ; ವಾರಾಂತ್ಯದಲ್ಲಿ ಟಿಕೆಟ್ ದರ ಉಳಿದ ದಿನಗಳಿಗಿಂತ ಹೆಚ್ಚು. ಅರಮನೆಯ ದೀಪಾಲಂಕಾರ ಇರುವುದು ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆ. ಎರಡನ್ನೂ ಹೊಂದಿಸಬೇಕೆಂದರೆ, ಉಳಿದುಕೊಳ್ಳಲು ನೆಂಟರ ಮನೆ ಇದ್ದವರು ಭಾನುವಾರ ಸಂಜೆ ದೀಪ ನೋಡಿ, ಸೋಮವಾರ ಮೃಗಾಲಯ ನೋಡಿಕೊಂಡು ಹಿಂತಿರುಗಬಹುದು. ಲಾಡ್ಜ್ ಮಾಡುವವರಿಗೆ ಒಂದು ರಾತ್ರಿಯ ಬಾಡಿಗೆ ಮೃಗಾಲಯದ ಟಿಕೆಟ್ ಉಳಿತಾಯಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅವರು ಭಾನುವಾರ ಒಂದೇ ದಿನದಲ್ಲಿ ಮುಗಿಸುವುದೇ ಲೇಸು. ದಸರಾ ದಿನಗಳಲ್ಲಿ ಹೋಟೆಲ್ ದರ ಗಗನಕ್ಕೇರುತ್ತದೆ. ಆದರೆ ಆಗ ಸುತ್ತಮುತ್ತಲ ತಾಣಗಳನ್ನು ಒಂದೇ ದಿನ ತೋರಿಸುವ ಕೆಎಸ್‌ಆರ್‌ಟಿಸಿಯ ಗಿರಿದರ್ಶಿನಿ, ಜಲದರ್ಶಿನಿ, ದೇವದರ್ಶಿನಿ ಪ್ಯಾಕೇಜ್‌ಗಳು ಮೈಸೂರಿನಿಂದ ಹೊರಡುತ್ತವೆ. ಟ್ಯಾಕ್ಸಿ ಹಿಡಿಯುವ ಮುನ್ನ ಅವನ್ನು ವಿಚಾರಿಸಿ.

ದಾರಿಯಲ್ಲಿ ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್ ನೋಡುವುದಾದರೆ ಮಕ್ಕಳಿಬ್ಬರಿಗೂ ಟಿಕೆಟ್ ಇಲ್ಲ. ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನವರಿಗೆ ಪ್ರವೇಶ ಉಚಿತ. ದೊಡ್ಡವರಿಗೆ ಬಾದಾಮಿ ಗುಹೆ, ಗೋಲಗುಮ್ಮಟ, ಚಿತ್ರದುರ್ಗದ ಕೋಟೆಯಂಥ ಕಡೆ 25 ರೂ., ಆನ್‌ಲೈನ್‌ನಲ್ಲಿ 20; ಹಂಪಿ, ಪಟ್ಟದಕಲ್ಲಿನಲ್ಲಿ 40, ಆನ್‌ಲೈನ್‌ನಲ್ಲಿ 35. ಹಂಪಿಯ ವಿಜಯ ವಿಠ್ಠಲ ದೇಗುಲದಲ್ಲಿ ಕೊಂಡ ಟಿಕೆಟ್ ಅದೇ ದಿನ ಕಮಲ ಮಹಲ್ ಆವರಣಕ್ಕೂ ನಡೆಯುತ್ತದೆ, ಎಸೆಯಬೇಡಿ. ವಿಶ್ವ ಪರಂಪರೆ ದಿನವಾದ ಏಪ್ರಿಲ್ 18ರಂದು ಈ ಸ್ಮಾರಕಗಳಿಗೆ ಪ್ರವೇಶ ಉಚಿತ. ಬೆಂಗಳೂರಿನಲ್ಲೇ ಇರುವವರಿಗೆ ಲಾಲ್‌ಬಾಗ್ ಬೆಳಗಿನ ವಾಕಿಂಗ್ ಹೊತ್ತಿನಲ್ಲಿ ಉಚಿತ. ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನಕ್ಕೆ ವಾರದ ನಡುವೆ ಹೋದರೆ ದರವೂ ಕಡಿಮೆ, ನೂಕುನುಗ್ಗಲೂ ಕಡಿಮೆ. ಅಮ್ಯೂಸ್‌ಮೆಂಟ್ ಪಾರ್ಕ್‌ಗಳಿಗೂ ಇದೇ ಮಾತು: ವಾರದ ದಿನ, ಮುಂಗಡ ಬುಕಿಂಗ್, ವಿದ್ಯಾರ್ಥಿಯ ಗುರುತಿನ ಚೀಟಿ ಅಥವಾ ಹಾಲ್ ಟಿಕೆಟ್, ಹುಟ್ಟುಹಬ್ಬದ ಆಫರ್, ಈ ನಾಲ್ಕನ್ನೂ ಫೋನ್ ಮಾಡಿ ಕೇಳಿ. ಸಿನಿಮಾ ಟಿಕೆಟನ್ನು ಚಿತ್ರಮಂದಿರದ ಕೌಂಟರ್‌ನಲ್ಲಿ ಕೊಂಡರೆ ಆ್ಯಪ್‌ನ ಕನ್ವೀನಿಯನ್ಸ್ ಫೀ ಉಳಿಯುತ್ತದೆ.

ಬಿಲ್ ಕೈಗೆ ಬಂದ ಮೇಲೆ

ಹೋಟೆಲ್ ಬಿಲ್ಲಿನಲ್ಲಿ ಸರ್ವೀಸ್ ಚಾರ್ಜ್ ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಆ ಸಾಲು ಕಂಡರೆ ‘ಇದನ್ನು ತೆಗೆದು ಕೊಡಿ’ ಎಂದು ನಯವಾಗಿ ಹೇಳಿ. ಕೌಂಟರ್‌ನಲ್ಲಿ ಮೊಬೈಲ್ ನಂಬರ್ ಕೇಳಿದರೆ ಕೊಡಲೇಬೇಕೆಂದಿಲ್ಲ. ಪಾಯಿಂಟ್ ಬೇಕೆನಿಸಿದ ಅಂಗಡಿಗೆ ಕೊಡಿ, ಉಳಿದೆಡೆ ಬೇಡ ಎನ್ನಿ.

ಆ್ಯಪ್‌ಗಳಲ್ಲಿ ‘ಇನ್ನೆರಡೇ ನಿಮಿಷ’ ಎಂಬ ಸುಳ್ಳು ಅವಸರ, ನಿಮಗೆ ಗೊತ್ತಿಲ್ಲದಂತೆ ಬುಟ್ಟಿಗೆ ಸೇರುವ ವಿಮೆ ಅಥವಾ ದೇಣಿಗೆ, ಕೊನೆಯ ಹಂತದಲ್ಲಿ ಮಾತ್ರ ಕಾಣಿಸುವ ಶುಲ್ಕ, ಇಂಥ 13 ಬಗೆಯ ಕಣ್ಕಟ್ಟುಗಳನ್ನು 2023ರ ನವೆಂಬರ್‌ನ ಮಾರ್ಗಸೂಚಿ ನಿಷೇಧಿಸಿದೆ. ಹಣ ಕಟ್ಟುವ ಮುನ್ನ ಬುಟ್ಟಿಯನ್ನು ಮೇಲಿನಿಂದ ಕೆಳಗೆ ಒಮ್ಮೆ ಓದಿ. ಸೇಲ್‌ನಲ್ಲಿ ಕೊಂಡದ್ದೆಂದು ಹಾಳಾದ ವಸ್ತುವನ್ನು ನುಂಗಿಕೊಳ್ಳಬೇಕಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ. ಬಿಲ್ ಜೋಪಾನವಾಗಿರಲಿ. ಅಂಗಡಿಯವರು ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ಹಬ್ಬದ ಉಚಿತ ಉಡುಗೊರೆ’ ಲಿಂಕ್‌ಗಳನ್ನು ಒತ್ತಬೇಡಿ, ಹತ್ತು ಜನರಿಗೆ ಕಳಿಸಬೇಡಿ. ಯುಪಿಐ ಪಿನ್ ಬೇಕಾಗುವುದು ದುಡ್ಡು ಕೊಡಲು. ಕ್ಯಾಶ್‌ಬ್ಯಾಕ್ ಪಡೆಯಲು ಪಿನ್ ಹಾಕಿ ಎಂದರೆ ಅದು ಮೋಸವೇ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ತಿಂಗಳಿಗೊಮ್ಮೆ ಅರ್ಧ ಗಂಟೆ

ಇಷ್ಟನ್ನೂ ದಿನವೂ ತಲೆಯಲ್ಲಿ ಹೊತ್ತು ತಿರುಗಿದರೆ ಉಳಿತಾಯಕ್ಕಿಂತ ಸುಸ್ತೇ ಹೆಚ್ಚು. ಸಂಬಳ ಬಂದ ವಾರ ಮನೆಯವರೆಲ್ಲ ಅರ್ಧ ಗಂಟೆ ಕುಳಿತರೆ ಸಾಕು. ಮೊದಲು ತಿಂಗಳ ಸಾಮಾನಿನ ಪಟ್ಟಿ ಬರೆಯಿರಿ, ಆಮೇಲೆ ಕೂಪನ್ ನೋಡಿ. ಈ ಕ್ರಮ ತಿರುಗುಮುರುಗಾಗಬಾರದು. ಆ ತಿಂಗಳು ಅವಧಿ ಮುಗಿಯುವ ಪಾಯಿಂಟ್, ವೋಚರ್‌ಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹೊರಗೆ ಹೋಗುವುದಿದ್ದರೆ ದಿನ ಗೊತ್ತುಮಾಡಿ, ಎಲ್ಲರ ಗುರುತಿನ ಚೀಟಿ ಒಂದೇ ಚೀಲಕ್ಕೆ ಹಾಕಿ. ಲೆಕ್ಕ ಮಾಡುವ ಕೆಲಸ ಮಕ್ಕಳಿಗೆ ಕೊಡಿ. ಶೇಕಡಾವಾರು ಲೆಕ್ಕ ಶಾಲೆಯ ಪುಸ್ತಕಕ್ಕಿಂತ ಚೆನ್ನಾಗಿ ಇಲ್ಲಿ ತಲೆಗೆ ಹೋಗುತ್ತದೆ. ಉಳಿದ ದುಡ್ಡನ್ನು ಬೇರೆ ಡಬ್ಬಿಗೋ ಬೇರೆ ಖಾತೆಗೋ ಅದೇ ದಿನ ಹಾಕಿಬಿಡಿ. ಹಾಗೆ ಎತ್ತಿಡದ ಉಳಿತಾಯ ಮುಂದಿನ ಬ್ಯಾನರ್ ಕಂಡ ಕೂಡಲೇ ಖರ್ಚಾಗಿ ಹೋಗುತ್ತದೆ.